ಕಚೇರಿ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಬದಲಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಐಟಿ ವಿಭಾಗಕ್ಕೆ ಬರುವ ಕರೆಗಳಲ್ಲಿ, ಪತ್ರಗಳಲ್ಲಿ, ಊಟದ ಬಿಡುವಿನ ಮಾತುಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಒಟ್ಟು ಮಾಡಲಾಗಿದೆ. ಬಹುತೇಕ ಕಚೇರಿಗಳಲ್ಲಿರುವುದು ಆಕ್ಟಿವ್ ಡೈರೆಕ್ಟರಿ ಡೊಮೇನಿಗೆ, ಅಂದರೆ ಎಲ್ಲರ ಖಾತೆಗಳನ್ನೂ ಸರ್ವರಿನಿಂದಲೇ ನಿರ್ವಹಿಸುವ ಕಚೇರಿ ಜಾಲಕ್ಕೆ, ಸೇರಿಸಿದ ವಿಂಡೋಸ್ ಕಂಪ್ಯೂಟರುಗಳೇ ಆದ್ದರಿಂದ ಉತ್ತರಗಳು ಅವುಗಳಿಗೆ ಅನ್ವಯಿಸುತ್ತವೆ. ಪಾಸ್‌ವರ್ಡ್ ಬದಲಾಯಿಸಿದ ಮೇಲೆ ಕಾಣಿಸಿಕೊಳ್ಳುವ ಬಹುಪಾಲು ತೊಂದರೆಗಳಿಗೆ ಹಳೆಯ ಪಾಸ್‌ವರ್ಡ್ ಎಲ್ಲೋ ಒಂದು ಕಡೆ ಉಳಿದುಕೊಂಡಿರುವುದೇ ಕಾರಣ ಎಂಬುದನ್ನು ಓದುಗರು ಮೊದಲಿನಿಂದಲೇ ಗಮನದಲ್ಲಿಟ್ಟುಕೊಳ್ಳಬೇಕು. ಅದು ಎಲ್ಲಿದೆಯೆಂದು ಹುಡುಕದೆ ಮತ್ತೆ ಮತ್ತೆ ರೀಸೆಟ್ ಮಾಡಿಸಿದರೆ ತೊಂದರೆ ಇನ್ನಷ್ಟು ಜಟಿಲವಾಗುತ್ತದೆ.

## ಬದಲಾಯಿಸುವಾಗ

ಪಾಸ್‌ವರ್ಡ್ ಬದಲಾಯಿಸುವುದು ಎಲ್ಲಿಂದ? ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಹುಡುಕಿ ಸಾಕಾಯಿತು.

ಕಂಟ್ರೋಲ್, ಆಲ್ಟ್, ಡಿಲೀಟ್ ಮೂರನ್ನೂ ಒಟ್ಟಿಗೆ ಒತ್ತಿದರೆ ನೀಲಿ ಪರದೆಯೊಂದು ತೆರೆದುಕೊಂಡು, ಅದರಲ್ಲಿ ಪಾಸ್‌ವರ್ಡ್ ಬದಲಾಯಿಸುವ ಆಯ್ಕೆ ಕಾಣುತ್ತದೆ. ಅದನ್ನು ಒತ್ತಿದಾಗ ಮೊದಲ ಸಾಲಿನಲ್ಲಿ ಇರುವುದು ನಿಮ್ಮದೇ ಹೆಸರು ಹೌದೇ ಎಂದು ನೋಡಿಕೊಳ್ಳಿ. ಒಂದೇ ಕಂಪ್ಯೂಟರನ್ನು ಪಾಳಿಯ ಮೇಲೆ ಬಳಸುವ ಕಡೆ ಹಿಂದಿನವರು ಲಾಗ್ ಔಟ್ ಆಗದೆ ಹೋಗಿದ್ದರೆ ಅಲ್ಲಿ ಅವರ ಹೆಸರಿರುತ್ತದೆ. ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬೇರೆ ಕಂಪ್ಯೂಟರಿನೊಳಗೆ ಇದ್ದೀರಾದರೆ ಡಿಲೀಟ್ ಬದಲು ಎಂಡ್ ಕೀಲಿಯನ್ನು ಒತ್ತಬೇಕು, ಇಲ್ಲದಿದ್ದರೆ ನಿಮ್ಮ ಎದುರಿನ ಕಂಪ್ಯೂಟರಿನ ಪರದೆಯೇ ತೆರೆದುಕೊಳ್ಳುತ್ತದೆ. ಇಷ್ಟೆಲ್ಲ ಮಾಡುವಾಗ ಕಂಪ್ಯೂಟರು ಕಚೇರಿಯ ನೆಟ್‌ವರ್ಕ್‌ನಲ್ಲಿ ಅಥವಾ ವಿಪಿಎನ್‌ನಲ್ಲಿ (ಹೊರಗಿನಿಂದ ಕಚೇರಿಯ ನೆಟ್‌ವರ್ಕ್‌ಗೆ ಸೇರಿಸುವ ಸುರಕ್ಷಿತ ದಾರಿಯಲ್ಲಿ) ಇರಲೇಬೇಕು.

ಅವಧಿ ಮುಗಿಯುತ್ತದೆ ಎಂಬ ಸೂಚನೆ ಬರುತ್ತಿದೆ. ಯಾವತ್ತು, ಎಷ್ಟು ಹೊತ್ತಿಗೆ ಎಂದು ತಿಳಿಯುವುದು ಹೇಗೆ?

ಕಮಾಂಡ್ ಪ್ರಾಂಪ್ಟ್ ತೆರೆದು, ನೆಟ್ ಯೂಸರ್ ಎಂಬ ಆಜ್ಞೆಯ ಮುಂದೆ ನಿಮ್ಮ ಲಾಗಿನ್ ಹೆಸರನ್ನೂ, ಬಳಿಕ ಓರೆಗೆರೆ (/) ಹಾಕಿ ಡೊಮೇನ್ ಎಂಬ ಪದವನ್ನೂ ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿ. ಪಾಸ್‌ವರ್ಡನ್ನು ಕೊನೆಯದಾಗಿ ಬದಲಾಯಿಸಿದ್ದು ಯಾವಾಗ, ಅವಧಿ ಮುಗಿಯುವುದು ಯಾವಾಗ, ಮತ್ತೆ ಬದಲಾಯಿಸಲು ಅವಕಾಶವಿರುವುದು ಯಾವಾಗಿನಿಂದ ಎಂಬ ಮೂರೂ ದಿನಾಂಕಗಳು ಸಮಯದ ಸಮೇತ ಕಾಣುತ್ತವೆ. ಡೊಮೇನಿನ ಮೂಲ ನಿಯಮದ ಪ್ರಕಾರ ಈ ಅವಧಿ 42 ದಿನ, ಎಚ್ಚರಿಕೆಯ ಸೂಚನೆ ಬರತೊಡಗುವುದು 5 ದಿನ ಮೊದಲು. ಎರಡನ್ನೂ ಕಚೇರಿಗಳು ತಮಗೆ ಬೇಕಾದಂತೆ ಬದಲಿಸಿಕೊಂಡಿರುತ್ತವೆ.

ಸೂಚನೆ ಬಂದ ಮೇಲೆ ಕೊನೆಯ ದಿನದವರೆಗೆ ಕಾಯುವುದು ಬೇಡ. ಶುಕ್ರವಾರ ಸಂಜೆ ಅಥವಾ ಹಬ್ಬದ ರಜೆಯ ಹಿಂದಿನ ದಿನ ಬದಲಾಯಿಸುವುದೂ ಬೇಡ, ಏಕೆಂದರೆ ಹೊಸ ಪಾಸ್‌ವರ್ಡ್ ಕೈಗೆ ಕೂರುವ ಮೊದಲೇ ಎರಡು ಮೂರು ದಿನ ಅದನ್ನು ಬಳಸದೆ ಮರೆತವರು ಸೋಮವಾರ ಬೆಳಿಗ್ಗೆ ಐಟಿ ವಿಭಾಗದ ಫೋನಿಗೆ ಸಾಲುಗಟ್ಟುತ್ತಾರೆ. ವಾರದ ನಡುವಿನ ಒಂದು ಬೆಳಿಗ್ಗೆ ಇದಕ್ಕೆ ಸರಿಯಾದ ಹೊತ್ತು.

ನನ್ನ ಹೊಸ ಪಾಸ್‌ವರ್ಡ್ ಎಲ್ಲ ರೀತಿಯಿಂದಲೂ ಸರಿಯಾಗಿದೆ. ಆದರೂ 'ಉದ್ದ, ಸಂಕೀರ್ಣತೆ ಅಥವಾ ಇತಿಹಾಸದ ನಿಯಮಕ್ಕೆ ಹೊಂದುವುದಿಲ್ಲ' ಅನ್ನುತ್ತದೆ. ಯಾವ ನಿಯಮ ಎಂದೇಕೆ ಹೇಳುವುದಿಲ್ಲ?

ಈ ಸಂದೇಶ ಅನೇಕರನ್ನು ಸುಮ್ಮನೆ ಗೋಳುಹುಯ್ದುಕೊಳ್ಳುತ್ತದೆ, ಏಕೆಂದರೆ ಬೇರೆ ಬೇರೆ ಕಾರಣಗಳಿಗೆ ವಿಂಡೋಸ್ ಇದೊಂದೇ ಸಾಲನ್ನು ತೋರಿಸುತ್ತದೆ, ಮತ್ತು ಅದರಲ್ಲಿ ಒಂದು ಮುಖ್ಯ ಕಾರಣದ ಹೆಸರೇ ಇಲ್ಲ. ಒಂದೊಂದಾಗಿ ನೋಡೋಣ.

ಉದ್ದದ ಮೂಲ ನಿಯಮ ಕನಿಷ್ಠ 7 ಅಕ್ಷರ, ಆದರೆ ಇಂದು ಹೆಚ್ಚಿನ ಕಚೇರಿಗಳು ಅದಕ್ಕಿಂತ ಹೆಚ್ಚು ಕೇಳುತ್ತವೆ. ಸಂಕೀರ್ಣತೆಯ ನಿಯಮವೆಂದರೆ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ, ಅಂಕಿ, ಚಿಹ್ನೆ, ಮತ್ತು ದೊಡ್ಡದು ಸಣ್ಣದೆಂಬ ಭೇದವಿಲ್ಲದ ಇತರ ಲಿಪಿಗಳ ಅಕ್ಷರ ಎಂಬ ಐದು ಬಗೆಗಳಲ್ಲಿ ಕನಿಷ್ಠ ಮೂರು ಇರಬೇಕು. ಇದರ ಜೊತೆಗೆ ನಿಮ್ಮ ಲಾಗಿನ್ ಹೆಸರಾಗಲಿ, ಪೂರ್ಣ ಹೆಸರಿನ ಯಾವುದೇ ಭಾಗವಾಗಲಿ ಪಾಸ್‌ವರ್ಡಿನೊಳಗೆ ಬರಬಾರದು. ಜನ ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ. ದಾಖಲೆಯಲ್ಲಿ 'ಕೆ. ಮಂಜುನಾಥ ಹೆಗಡೆ' ಎಂದಿದ್ದರೆ ಮಂಜುನಾಥ ಎಂಬುದೂ ಹೆಗಡೆ ಎಂಬುದೂ ಪ್ರತ್ಯೇಕವಾಗಿ ನಿಷಿದ್ಧ, ದೊಡ್ಡ ಅಕ್ಷರ ಸಣ್ಣ ಅಕ್ಷರ ಬದಲಿಸಿದರೂ ನಡೆಯುವುದಿಲ್ಲ. ಮೂರು ಅಕ್ಷರಕ್ಕಿಂತ ಚಿಕ್ಕ ಭಾಗಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ 'ಕೆ' ಎಂಬ ಇನಿಷಿಯಲ್ ಅಡ್ಡಿಯಾಗದು. ಹೆಸರಿನ ಜೊತೆ ಊರಿನ ಹೆಸರೂ ಸೇರಿರುವವರು ಊರನ್ನೂ ಬಿಡಬೇಕು.

ಇತಿಹಾಸದ ನಿಯಮ ಹಿಂದಿನ 24 ಪಾಸ್‌ವರ್ಡುಗಳನ್ನು ಮತ್ತೆ ಬಳಸಲು ಬಿಡುವುದಿಲ್ಲ. ಇನ್ನು ಸಂದೇಶದಲ್ಲಿ ಹೆಸರಿಲ್ಲದ ಕಾರಣವೆಂದರೆ ಕನಿಷ್ಠ ಅವಧಿ: ಮೂಲ ನಿಯಮದಂತೆ ಒಮ್ಮೆ ಬದಲಾಯಿಸಿದ ಮೇಲೆ ಪೂರ್ತಿ 1 ದಿನ ಕಳೆಯದೆ ಮತ್ತೆ ಬದಲಾಯಿಸುವಂತಿಲ್ಲ. ಬೆಳಿಗ್ಗೆ ಬದಲಾಯಿಸಿ, ಮಧ್ಯಾಹ್ನ ಅದು ಇಷ್ಟವಾಗದೆ ಮತ್ತೊಂದನ್ನು ಹಾಕಲು ಹೋದವರು ಎಷ್ಟೇ ಗಟ್ಟಿಯಾದ ಪಾಸ್‌ವರ್ಡ್ ಕೊಟ್ಟರೂ ಇದೇ ಸಂದೇಶವನ್ನು ನೋಡುತ್ತಾರೆ. ಹಿಂದಿನ ಪ್ರಶ್ನೆಯಲ್ಲಿ ಹೇಳಿದ ಆಜ್ಞೆ ತೋರಿಸುವ ಮೂರನೆಯ ದಿನಾಂಕ ಈ ಅನುಮಾನವನ್ನು ಆ ಕ್ಷಣವೇ ಬಗೆಹರಿಸುತ್ತದೆ.

ಪಾಸ್‌ವರ್ಡಿನಲ್ಲಿ ಕನ್ನಡ ಅಕ್ಷರ ಬಳಸಬಹುದೇ?

ವಿಂಡೋಸ್ ಒಪ್ಪುತ್ತದೆ. ಮೇಲೆ ಹೇಳಿದ ಐದನೆಯ ಬಗೆಯಲ್ಲಿ ಕನ್ನಡದ ಅಕ್ಷರಗಳೂ ಸೇರುತ್ತವೆ. ಆದರೂ ನಾವು ಬೇಡವೆನ್ನುತ್ತೇವೆ, ಅದಕ್ಕೆ ಗಟ್ಟಿ ಕಾರಣಗಳಿವೆ. ಲಾಗಿನ್ ಪರದೆಯಲ್ಲಿ ನಿಮ್ಮ ಕನ್ನಡ ಕೀಲಿಮಣೆ ವಿನ್ಯಾಸ ಇರಬೇಕು, ಫೋನಿನಲ್ಲೂ ವಿಪಿಎನ್ ತಂತ್ರಾಂಶದಲ್ಲೂ ಅದೇ ಅಕ್ಷರಗಳು ಮೂಡಬೇಕು. ಕಣ್ಣಿಗೆ ಒಂದೇ ರೀತಿ ಕಾಣುವ 'ಕೋ' ಎಂಬ ಅಕ್ಷರದ ಓತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಭಾಗಗಳನ್ನು ಜೋಡಿಸಿಯೂ ಬರೆಯಬಹುದು. ಅಕ್ಷರಗಳ ನಡುವೆ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆಯೂ ಸೇರಿರಬಹುದು. ಕಂಪ್ಯೂಟರಿಗೆ ಇವೆಲ್ಲ ಬೇರೆ ಬೇರೆ ಪಾಸ್‌ವರ್ಡುಗಳು, ಮತ್ತು ಪರದೆಯ ಮೇಲೆ ಚುಕ್ಕೆಗಳಷ್ಟೇ ಇರುವಾಗ ಎಲ್ಲಿ ತಪ್ಪಿತೆಂದು ಯಾರಿಗೂ ತಿಳಿಯದು.

ಕನ್ನಡದಲ್ಲೇ ಯೋಚಿಸಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು ಇದಕ್ಕಿಂತ ಒಳ್ಳೆಯ ದಾರಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದಗಳನ್ನು, ಉದಾಹರಣೆಗೆ ಹಲಸು, ಕಿಟಕಿ, ಕಂಬಳಿ, ಗುಡುಗು ಎಂಬಂಥವನ್ನು, ನಡುವೆ ಅಂಕಿ ಮತ್ತು ಚಿಹ್ನೆ ಇಟ್ಟು ಪೋಣಿಸಿದರೆ ಉದ್ದವೂ ಸಿಗುತ್ತದೆ, ನೆನಪೂ ಉಳಿಯುತ್ತದೆ. ಗಾದೆ, ವಚನದ ಸಾಲು, ಸಿನಿಮಾ ಹಾಡಿನ ಪಲ್ಲವಿ ಬೇಡ, ಅವು ಊರಿಗೆಲ್ಲ ಗೊತ್ತು. ಇಲ್ಲಿ ಕೊಟ್ಟಿರುವ ನಾಲ್ಕು ಪದಗಳೂ ಬೇಡ.

ನಿನ್ನೆ ಸರಿಯಾಗಿಯೇ ಬದಲಾಯಿಸಿದೆ. ಇವತ್ತು ಬೆಳಿಗ್ಗೆ ಪಾಸ್‌ವರ್ಡ್ ತಪ್ಪು ಎನ್ನುತ್ತಿದೆ.

ಎರಡು ಸಲ ತಪ್ಪಾದ ಮೇಲೆ ಕೈ ತಡೆದು ನಿಲ್ಲಿ, ಏಕೆಂದರೆ ಇನ್ನೆರಡು ಮೂರು ಪ್ರಯತ್ನಗಳಲ್ಲಿ ಖಾತೆಯೇ ಲಾಕ್ ಆಗಬಹುದು. ಪಾಸ್‌ವರ್ಡ್ ಚೌಕದ ಬಲತುದಿಯಲ್ಲಿರುವ ಕಣ್ಣಿನ ಗುರುತನ್ನು ಒತ್ತಿ ಹಿಡಿದರೆ ನೀವು ಒತ್ತಿದ್ದು ಏನೆಂದು ಕಾಣುತ್ತದೆ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಹಾಗೆ ಮಾಡಿ. ಪರದೆಯ ಕೆಳಗೆ ಬಲಮೂಲೆಯಲ್ಲಿ ಕೀಲಿಮಣೆಯ ಭಾಷೆ ತೋರಿಸುವ ಗುರುತಿರುತ್ತದೆ. ಹಿಂದಿನ ದಿನ ಕನ್ನಡ ಪತ್ರ ಟೈಪ್ ಮಾಡಿದವರ ಕಂಪ್ಯೂಟರಿನಲ್ಲಿ ಅದು ಕನ್ನಡದಲ್ಲೇ ಉಳಿದಿರುವುದುಂಟು, ಆಗ ನೀವು ಸರಿಯಾದ ಕೀಲಿಗಳನ್ನೇ ಒತ್ತಿದರೂ ಒಳಗೆ ಹೋಗುವುದು ಕಕಾರ ಗಕಾರಗಳು. ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತದೆ. ನುಡಿ ತಂತ್ರಾಂಶ ಬಳಸುವವರಿಗೆ ಇದೇ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ: ಲಾಗಿನ್ ಪರದೆಯಲ್ಲಿ ಎಲ್ಲ ಸರಿಯಿದ್ದು, ಒಳಗೆ ಬಂದು ಬ್ರೌಸರಿನಲ್ಲಿ ಮೇಲ್ ತೆರೆಯುವಾಗ ಮಾತ್ರ ಪಾಸ್‌ವರ್ಡ್ ತಪ್ಪೆನ್ನುತ್ತದೆ. ಸ್ಕ್ರೋಲ್ ಲಾಕ್ ಒತ್ತಿ ನುಡಿಯನ್ನು ಇಂಗ್ಲಿಷಿಗೆ ತಂದರೆ ಸರಿಹೋಗುತ್ತದೆ.

ಬಲಬದಿಯ ಅಂಕಿ ಕೀಲಿಗಳಲ್ಲಿ ಸಂಖ್ಯೆ ಒತ್ತುವವರು ನಮ್ ಲಾಕ್ ದೀಪವನ್ನೂ, ಎಲ್ಲರೂ ಕ್ಯಾಪ್ಸ್ ಲಾಕ್ ದೀಪವನ್ನೂ ನೋಡಬೇಕು. ಕೊನೆಯದಾಗಿ, ಪಾಸ್‌ವರ್ಡ್ ಚೌಕದ ಕೆಳಗೆ ಯಾವ ಡೊಮೇನಿಗೆ ಲಾಗಿನ್ ಆಗುತ್ತಿದ್ದೀರಿ ಎಂಬ ಸಾಲಿರುತ್ತದೆ. ಅಲ್ಲಿ ಕಚೇರಿಯ ಡೊಮೇನ್ ಬದಲು ಆ ಕಂಪ್ಯೂಟರಿನ ಹೆಸರೇ ಇದ್ದರೆ ನೀವು ಬೇರೆಯೇ ಖಾತೆಯ ಬಾಗಿಲಲ್ಲಿದ್ದೀರಿ ಎಂದರ್ಥ.

## ಬದಲಾಯಿಸಿದ ಮೇಲೆ

ಪಾಸ್‌ವರ್ಡ್ ಬದಲಾಯಿಸಿದಾಗಿನಿಂದ ಖಾತೆ ಪದೇ ಪದೇ ಲಾಕ್ ಆಗುತ್ತಿದೆ. ಅನ್‌ಲಾಕ್ ಮಾಡಿಸಿ ಅರ್ಧ ಗಂಟೆಯಾಗುವುದರೊಳಗೆ ಮತ್ತೆ ಅದೇ ಕಥೆ. ನಾನು ಕೀಲಿಮಣೆ ಮುಟ್ಟಿಯೇ ಇಲ್ಲ.

ನೀವು ಹೇಳುತ್ತಿರುವುದು ನಿಜ, ಮತ್ತು ಕೀಲಿಮಣೆ ಮುಟ್ಟದಿದ್ದರೂ ಲಾಕ್ ಆಗುತ್ತಿದೆ ಎಂಬುದೇ ಇಲ್ಲಿನ ದೊಡ್ಡ ಸುಳಿವು. ಹಳೆಯ ಪಾಸ್‌ವರ್ಡನ್ನು ನೆನಪಿಟ್ಟುಕೊಂಡಿರುವ ಯಾವುದೋ ಸಾಧನ ಅಥವಾ ತಂತ್ರಾಂಶ ನಿಮ್ಮ ಹೆಸರಿನಲ್ಲಿ ಸರ್ವರಿನ ಬಾಗಿಲನ್ನು ಬಡಿಯುತ್ತಲೇ ಇದೆ. ಇಷ್ಟು ಸಲ ತಪ್ಪಾದರೆ ಇಷ್ಟು ಹೊತ್ತು ಲಾಕ್ ಎಂಬ ನಿಯಮವನ್ನು ಪ್ರತಿ ಕಚೇರಿ ತಾನೇ ಇಟ್ಟುಕೊಂಡಿರುತ್ತದೆ, ಆದ್ದರಿಂದ ಲಾಕ್ ತೆರೆದಾಗಲೆಲ್ಲ ಆ ಸಾಧನ ಮತ್ತೆ ಮೊದಲಿನಿಂದ ಬಡಿಯತೊಡಗಿ ಅಷ್ಟೇ ಅಂತರದಲ್ಲಿ ಮತ್ತೆ ಲಾಕ್ ಮಾಡಿಸುತ್ತದೆ.

ಮೊದಲು ಫೋನನ್ನು ಹಿಡಿಯಿರಿ. ಅದರಲ್ಲಿ ಕಚೇರಿಯ ಮೇಲ್ ಇದ್ದರೆ ಹೊಸ ಪಾಸ್‌ವರ್ಡ್ ಕೊಡಿ. ಕಚೇರಿಯ ವೈಫೈಗೆ ನಿಮ್ಮ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಸೇರಿದ್ದರೆ ಆ ವೈಫೈಯನ್ನು ಫೋನಿನ ನೆನಪಿನಿಂದ ಅಳಿಸಿ ಮತ್ತೆ ಸೇರಿಸಿ. ಮೇಲ್ ಸರಿಪಡಿಸಿದವರಲ್ಲೂ ಅನೇಕರು ಇದನ್ನು ಮರೆತಿರುತ್ತಾರೆ. ಮನೆಯಲ್ಲಿ ಮಕ್ಕಳ ಕೈಗೆ ಕೊಟ್ಟ ಹಳೆಯ ಫೋನು, ಮೇಜಿನ ಖಾನೆಯಲ್ಲಿರುವ ಟ್ಯಾಬ್ಲೆಟ್ ಕೂಡ ಇದೇ ಸಾಲಿಗೆ ಸೇರುತ್ತವೆ. ಯಾವುದೆಂದು ತಿಳಿಯದಿದ್ದರೆ ಒಂದು ಗಂಟೆ ಎಲ್ಲ ಫೋನುಗಳನ್ನೂ ಏರೋಪ್ಲೇನ್ ಮೋಡ್‌ನಲ್ಲಿಟ್ಟು, ಖಾತೆಯನ್ನು ಅನ್‌ಲಾಕ್ ಮಾಡಿಸಿ ನೋಡಿ. ಲಾಕ್ ಆಗದಿದ್ದರೆ ಕಾರಣ ಫೋನಿನಲ್ಲಿದೆ.

ಆಮೇಲೆ ಕಂಪ್ಯೂಟರಿನತ್ತ ಬನ್ನಿ. ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಷಿಯಲ್ ಮ್ಯಾನೇಜರ್ ತೆರೆದು ವಿಂಡೋಸ್ ಕ್ರೆಡೆನ್ಷಿಯಲ್ಸ್ ಭಾಗದಲ್ಲಿ ಕಚೇರಿಯ ಸರ್ವರುಗಳ ಹೆಸರಿನಲ್ಲಿ ಉಳಿದಿರುವ ಹಳೆಯ ನಮೂದುಗಳನ್ನು ತೆಗೆದುಹಾಕಿ. ರಿಮೋಟ್ ಡೆಸ್ಕ್‌ಟಾಪ್ ಬಳಸುವವರು ತಿಂಗಳ ಹಿಂದೆ ಯಾವುದೋ ಸರ್ವರಿಗೆ ಹೋಗಿ, ಲಾಗ್ ಔಟ್ ಆಗದೆ ಬರೀ ಕಿಟಕಿ ಮುಚ್ಚಿ ಬಂದಿದ್ದೀರಾ ಎಂದು ನೆನಪಿಸಿಕೊಳ್ಳಬೇಕು, ಏಕೆಂದರೆ ಆ ಸೆಷನ್ ಅಲ್ಲಿ ಹಳೆಯ ಪಾಸ್‌ವರ್ಡಿನ ಮೇಲೆ ಇನ್ನೂ ಬದುಕಿರುತ್ತದೆ. ಇಷ್ಟಾದರೂ ಸಿಗದಿದ್ದರೆ ಲಾಕ್ ಆದ ನಿಖರ ಸಮಯವನ್ನು ಬರೆದು ಐಟಿ ವಿಭಾಗಕ್ಕೆ ಕೊಡಿ. ಆ ಒಂದು ಸಮಯ ಸಿಕ್ಕರೆ ಲಾಗ್‌ನಲ್ಲಿ ಹುಡುಕುವ ಕೆಲಸ ಅರ್ಧಕ್ಕಿಳಿಯುತ್ತದೆ.

ಮನೆಯಲ್ಲಿ ಲ್ಯಾಪ್‌ಟಾಪ್ ಹಳೆಯ ಪಾಸ್‌ವರ್ಡ್ ಕೇಳುತ್ತದೆ, ಮೇಲ್ ಹೊಸದನ್ನು ಕೇಳುತ್ತದೆ. ಎರಡೂ ಒಂದೇ ಖಾತೆ ತಾನೆ?

ಖಾತೆ ಒಂದೇ. ಆದರೆ ಕಚೇರಿಯ ನೆಟ್‌ವರ್ಕ್ ಸಿಗದಾಗ ಲ್ಯಾಪ್‌ಟಾಪ್ ತನ್ನೊಳಗೆ ಉಳಿಸಿಕೊಂಡ ಕೊನೆಯ ಯಶಸ್ವಿ ಲಾಗಿನ್‌ನ ಗುರುತನ್ನು ನೋಡಿ ನಿಮ್ಮನ್ನು ಒಳಗೆ ಬಿಡುತ್ತದೆ. ನೀವು ಪಾಸ್‌ವರ್ಡ್ ಬದಲಾಯಿಸಿದ್ದು ವೆಬ್ ಪುಟದಲ್ಲಿ ಅಥವಾ ಬೇರೆ ಕಂಪ್ಯೂಟರಿನಲ್ಲಿ ಆಗಿದ್ದರೆ ಈ ಲ್ಯಾಪ್‌ಟಾಪಿಗೆ ಅದರ ಸುದ್ದಿ ಮುಟ್ಟಿರುವುದಿಲ್ಲ. ಹಳೆಯ ಪಾಸ್‌ವರ್ಡಿನಿಂದ ಲಾಗಿನ್ ಆಗಿ, ವಿಪಿಎನ್‌ಗೆ ಹೊಸ ಪಾಸ್‌ವರ್ಡ್ ಕೊಟ್ಟು ಸೇರಿಕೊಳ್ಳಿ. ಆಮೇಲೆ ವಿಂಡೋಸ್ ಕೀಲಿಯ ಜೊತೆ ಎಲ್ ಒತ್ತಿ ಪರದೆಯನ್ನು ಲಾಕ್ ಮಾಡಿ, ಹೊಸ ಪಾಸ್‌ವರ್ಡಿನಿಂದ ತೆರೆಯಿರಿ. ವಿಪಿಎನ್ ತೆರೆದೇ ಇರುವಾಗ ಇದನ್ನು ಮಾಡುವುದು ಮುಖ್ಯ, ಲ್ಯಾಪ್‌ಟಾಪ್ ಡೊಮೇನ್ ಕಂಟ್ರೋಲರನ್ನು (ಡೊಮೇನಿನ ಖಾತೆಗಳನ್ನು ನೋಡಿಕೊಳ್ಳುವ ಸರ್ವರನ್ನು) ಕೇಳಿ ತನ್ನ ಗುರುತನ್ನು ಹೊಸದಾಗಿಸಿಕೊಳ್ಳುವುದು ಆಗಲೇ.

ಹಳೆಯದು ಮರೆತೇ ಹೋಗಿದ್ದರೆ, ಲಾಗಿನ್ ಪರದೆಯಲ್ಲೇ ವಿಪಿಎನ್‌ಗೆ ಸೇರುವ ಸೌಲಭ್ಯವನ್ನು ನಿಮ್ಮ ಕಚೇರಿ ಕೊಟ್ಟಿದೆಯೇ ಎಂದು ಕೇಳಿ. ಇಲ್ಲವಾದರೆ ಲ್ಯಾಪ್‌ಟಾಪನ್ನು ಕಚೇರಿಗೆ ತರುವುದೊಂದೇ ದಾರಿ. ಈ ಗುರುತು ಹತ್ತು ಸಲ ಬಳಸಿದರೆ ಮುಗಿದುಹೋಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ, ಅದು ಸರಿಯಲ್ಲ. ಮೂಲ ನಿಯಮದ 10 ಎಂಬ ಸಂಖ್ಯೆ ಎಷ್ಟು ಬಳಕೆದಾರರ ಗುರುತನ್ನು ಉಳಿಸಿಕೊಳ್ಳಬಹುದು ಎಂಬುದನ್ನು ಹೇಳುತ್ತದೆ.

ಮನೆಯಿಂದ ಬದಲಾಯಿಸಲು ಹೋದರೆ 'ಡೊಮೇನ್ ಕಂಟ್ರೋಲರಿನಿಂದ ಮಾಹಿತಿ ಓದಲಾಗಲಿಲ್ಲ' ಎಂದು ಬರುತ್ತದೆ.

ವಿಪಿಎನ್ ಸೇರಿಲ್ಲ, ಅಥವಾ ಸೇರಿದಂತೆ ಕಂಡರೂ ಒಳಗಿನ ಡೊಮೇನ್ ಕಂಟ್ರೋಲರ್ ಸಿಗುತ್ತಿಲ್ಲ. ವಿಪಿಎನ್ ಕಡಿದು ಮತ್ತೆ ಸೇರಿ. ಇದಕ್ಕೂ ನಿಮ್ಮ ಹೊಸ ಪಾಸ್‌ವರ್ಡಿಗೂ ಯಾವ ಸಂಬಂಧವೂ ಇಲ್ಲ.

ಬೆಳಿಗ್ಗೆ ಬದಲಾಯಿಸಿದೆ, ದಿನವೆಲ್ಲ ಹಂಚಿಕೆ ಫೋಲ್ಡರ್ ಚೆನ್ನಾಗಿಯೇ ತೆರೆಯುತ್ತಿತ್ತು. ಸಂಜೆಯ ಹೊತ್ತಿಗೆ ನಿಂತುಹೋಯಿತು.

ಲಾಗಿನ್ ಆದಾಗ ನಿಮಗೆ ಕರ್ಬೆರೋಸ್ ಟಿಕೆಟ್ ಎಂಬುದೊಂದು ಸಿಗುತ್ತದೆ. ದಿನದ ಬಸ್ ಪಾಸ್ ಇದ್ದಂತೆ ಅದನ್ನು ತೋರಿಸಿದರೆ ಫೈಲ್ ಸರ್ವರು, ಪ್ರಿಂಟರ್ ಸರ್ವರು ಮತ್ತೆ ಪಾಸ್‌ವರ್ಡ್ ಕೇಳುವುದಿಲ್ಲ. ಮೂಲ ನಿಯಮದಂತೆ ಅದರ ಆಯುಷ್ಯ 10 ಗಂಟೆ. ಹಳೆಯ ಪಾಸ್‌ವರ್ಡಿನಿಂದ ಪಡೆದ ಟಿಕೆಟ್ ಮುಗಿದು ಹೊಸದು ಬೇಕಾದಾಗ, ಕಂಪ್ಯೂಟರಿನ ಬಳಿ ಹೊಸ ಪಾಸ್‌ವರ್ಡ್ ಇಲ್ಲದಿದ್ದರೆ ಕೆಲಸ ನಿಲ್ಲುತ್ತದೆ. ಬೇರೆ ಕಡೆಯಿಂದ ಪಾಸ್‌ವರ್ಡ್ ಬದಲಾಯಿಸಿದಾಗ, ಈಗಿನ ಪಾಸ್‌ವರ್ಡ್ ಬೇಕಾಗಿದೆ, ಪರದೆ ಲಾಕ್ ಮಾಡಿ ತೆರೆಯಿರಿ ಎಂಬ ಸಣ್ಣ ಸೂಚನೆ ಕೆಳಮೂಲೆಯಲ್ಲಿ ಬರುತ್ತದಲ್ಲ, ಅದು ಇದಕ್ಕೇ. ಆ ಸೂಚನೆಯನ್ನು ಮೋಸವೆಂದು ಅನುಮಾನಿಸುವವರಿದ್ದಾರೆ, ಆ ಎಚ್ಚರ ಒಳ್ಳೆಯದೇ. ಆದರೆ ಅದು ಕೇಳುವುದು ಪರದೆ ಲಾಕ್ ಮಾಡಿ ತೆರೆಯಿರಿ ಎಂದಷ್ಟೇ. ಪಾಸ್‌ವರ್ಡನ್ನು ಯಾವುದಾದರೂ ವೆಬ್ ಪುಟದಲ್ಲಿ ಬರೆಯಿರಿ ಎಂದರೆ ಮಾತ್ರ ಅನುಮಾನ ಪಡಬೇಕು.

ಪಾಸ್‌ವರ್ಡ್ ಬದಲಾದರೂ ಪಿನ್ ಮತ್ತು ಬೆರಳಚ್ಚು ಹಾಗೆಯೇ ಕೆಲಸ ಮಾಡುತ್ತಿವೆ. ಇದು ಸರಿಯೇ?

ಸರಿ. ವಿಂಡೋಸ್ ಹಲೋದ ಪಿನ್ ಆ ಒಂದು ಕಂಪ್ಯೂಟರಿಗೆ ಕಟ್ಟಿದ ಪ್ರತ್ಯೇಕ ವ್ಯವಸ್ಥೆ, ಪಾಸ್‌ವರ್ಡ್ ಬದಲಾವಣೆ ಅದನ್ನು ಮುಟ್ಟುವುದಿಲ್ಲ. ದಿನವೂ ಪಿನ್ ಬಳಸುವವರು ಪಾಸ್‌ವರ್ಡನ್ನೇ ಮರೆಯುತ್ತಾರೆ ಎಂಬುದಷ್ಟೇ ತೊಡಕು.

## ಮರೆತಾಗ, ಕಳವಾದಾಗ

ಹಳೆಯ ಪಾಸ್‌ವರ್ಡ್ ಏನೆಂದು ನೋಡಿ ಹೇಳಿಬಿಡಿ ಸಾರ್, ರೀಸೆಟ್ ಬೇಡ.

ನಮಗೂ ಕಾಣುವುದಿಲ್ಲ. ಸರ್ವರಿನಲ್ಲಿ ಇರುವುದು ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ಪಡೆದ ಹ್ಯಾಶ್ ಎಂಬ ಗುರುತು ಮಾತ್ರ, ಅದರಿಂದ ಹಿಂದಕ್ಕೆ ಬಂದು ಪಾಸ್‌ವರ್ಡನ್ನು ಓದುವ ಗುಂಡಿ ಯಾವ ಅಡ್ಮಿನ್ ಬಳಿಯೂ ಇಲ್ಲ. ರೀಸೆಟ್ ಮಾಡುವ ಮೊದಲು ನೀವು ಯಾರೆಂದು ಖಚಿತಪಡಿಸಿಕೊಳ್ಳಲು ನಾಲ್ಕು ಪ್ರಶ್ನೆ ಕೇಳಿದರೆ, ನಿಮ್ಮ ದಾಖಲೆಯಲ್ಲಿರುವ ಸಂಖ್ಯೆಗೆ ತಿರುಗಿ ಕರೆ ಮಾಡುತ್ತೇವೆಂದರೆ ದಯವಿಟ್ಟು ಬೇಸರಿಸಬೇಡಿ. ನಿಮ್ಮ ದನಿಯಲ್ಲಿ ಮಾತಾಡಿ ನಿಮ್ಮ ಖಾತೆಯನ್ನು ಕಸಿಯಲು ಯತ್ನಿಸುವವರಿಂದ ನಿಮ್ಮನ್ನು ಕಾಯುವುದು ಆ ಪ್ರಶ್ನೆಗಳೇ. ಹಾಗೆಯೇ, ಐಟಿ ವಿಭಾಗದವರೆಂದು ಹೇಳಿಕೊಂಡು ಯಾರಾದರೂ ನಿಮ್ಮ ಪಾಸ್‌ವರ್ಡನ್ನೋ ಫೋನಿಗೆ ಬಂದ ಓಟಿಪಿಯನ್ನೋ ಕೇಳಿದರೆ ಅವರು ಯಾರೇ ಆಗಿರಲಿ ಕೊಡಬೇಡಿ.

ಪಾಸ್‌ವರ್ಡ್ ಯಾರ ಕೈಗೋ ಸಿಕ್ಕಿರಬಹುದೆಂಬ ಅನುಮಾನ. ಬದಲಾಯಿಸಿದರೆ ಸಾಕೇ?

ಸಾಲದು. ಬದಲಾಯಿಸುವುದು ಮೊದಲ ಕೆಲಸ, ಆದರೆ ಈಗಾಗಲೇ ಒಳಗೆ ಬಂದು ಕುಳಿತವರನ್ನು ಅದು ಆ ಕ್ಷಣವೇ ಹೊರಗಟ್ಟುವುದಿಲ್ಲ. ಗುರುತು ಖಚಿತಪಡಿಸುವ ಎನ್‌ಟಿಎಲ್‌ಎಂ ಎಂಬ ಹಳೆಯ ವಿಧಾನದಲ್ಲಿ ನೆಟ್‌ವರ್ಕ್ ಬಳಕೆಗೆ ಹಳೆಯ ಪಾಸ್‌ವರ್ಡ್ ಮೂಲ ನಿಯಮದಂತೆ ಇನ್ನೂ 60 ನಿಮಿಷ ನಡೆಯುತ್ತದೆ. ಹೀಗಾಗಿ ಐಟಿ ವಿಭಾಗಕ್ಕೆ ಕೂಡಲೇ ತಿಳಿಸಿ, ಮೇಲ್ ಸಹಿತ ಎಲ್ಲ ಸೆಷನ್‌ಗಳನ್ನು ಅವರ ಕಡೆಯಿಂದಲೇ ಮುಚ್ಚಿಸಬೇಕು. ನಿಮ್ಮ ಮೇಲ್‌ಬಾಕ್ಸ್‌ನಲ್ಲಿ ನೀವು ಮಾಡದ ಫಾರ್ವರ್ಡ್ ನಿಯಮವೇನಾದರೂ ಸೇರಿಕೊಂಡಿದೆಯೇ, ಎರಡನೆಯ ಹಂತದ ದೃಢೀಕರಣಕ್ಕೆ ಅಪರಿಚಿತ ಫೋನ್ ನೋಂದಣಿಯಾಗಿದೆಯೇ ಎಂದು ನೋಡಿ. ಇವೆರಡೂ ಪಾಸ್‌ವರ್ಡ್ ಬದಲಾದ ಮೇಲೂ ಉಳಿಯುವಂಥವು. ಹೇಳಲು ಮುಜುಗರವೆಂದು ಒಂದು ದಿನ ತಡ ಮಾಡುವುದರಿಂದ ಆಗುವ ನಷ್ಟ ಬಹಳ ದೊಡ್ಡದು.

## ಐಟಿ ವಿಭಾಗದವರಿಗೆ

ಖಾತೆ ಲಾಕ್ ಆಗುತ್ತಿರುವುದು ಎಲ್ಲಿಂದ ಎಂದು ಪತ್ತೆ ಹಚ್ಚುವುದು ಹೇಗೆ?

ಪಿಡಿಸಿ ಎಮ್ಯುಲೇಟರ್ ಪಾತ್ರ ವಹಿಸಿರುವ ಡೊಮೇನ್ ಕಂಟ್ರೋಲರಿನ ಸೆಕ್ಯುರಿಟಿ ಲಾಗ್‌ನಲ್ಲಿ 4740 ಸಂಖ್ಯೆಯ ಈವೆಂಟ್ ನೋಡಿ. ಎಲ್ಲ ಲಾಕ್‌ಗಳೂ ಅಲ್ಲಿ ದಾಖಲಾಗುತ್ತವೆ ಮತ್ತು ತಪ್ಪು ಪ್ರಯತ್ನ ಬಂದ ಕಂಪ್ಯೂಟರಿನ ಹೆಸರು ಅದರಲ್ಲಿರುತ್ತದೆ. ಆ ಹೆಸರಿನ ಕಂಪ್ಯೂಟರಿಗೆ ಹೋಗಿ ಅದೇ ಸಮಯದ 4625 ನೋಡಿದರೆ ಯಾವ ಪ್ರೋಗ್ರಾಮ್, ಯಾವ ಬಗೆಯ ಲಾಗಿನ್ ಎಂಬುದು ತಿಳಿಯುತ್ತದೆ: ಬಗೆ 4 ಎಂದರೆ ಷೆಡ್ಯೂಲ್ಡ್ ಟಾಸ್ಕ್, 5 ಎಂದರೆ ಸರ್ವಿಸ್. ಹೆಸರಿನ ಜಾಗದಲ್ಲಿ ಮೇಲ್ ಸರ್ವರಿನ ಅಥವಾ ವೈಫೈ ದೃಢೀಕರಣದ ಸರ್ವರಿನ ಹೆಸರಿದ್ದರೆ ಬಳಕೆದಾರರ ಫೋನನ್ನು ಕೈಗೆತ್ತಿಕೊಳ್ಳಿ. ಕರ್ಬೆರೋಸ್ ವೈಫಲ್ಯಗಳಿಗೆ 4771, ಎನ್‌ಟಿಎಲ್‌ಎಂಗೆ 4776 ನೋಡಬೇಕು.

ಮತ್ತೆ ಮತ್ತೆ ರೀಸೆಟ್ ಮಾಡಬಾರದೆಂದು ಆರಂಭದಲ್ಲಿ ಹೇಳಿದ್ದಕ್ಕೆ ತಾಂತ್ರಿಕ ಕಾರಣ ಇಲ್ಲಿದೆ. ತಪ್ಪಾಗಿ ಬಂದ ಪಾಸ್‌ವರ್ಡ್ ಆ ಖಾತೆಯ ಇತಿಹಾಸದ ಕೊನೆಯ ಎರಡು ನಮೂದುಗಳಲ್ಲಿ ಒಂದಾಗಿದ್ದರೆ ಡೊಮೇನ್ ಕಂಟ್ರೋಲರ್ ಅದನ್ನು ತಪ್ಪು ಪ್ರಯತ್ನಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಹಳೆಯದನ್ನು ಹಿಡಿದು ಕುಳಿತ ಫೋನಿಗೆ ಇದರಿಂದ ಸ್ವಲ್ಪ ವಿನಾಯಿತಿ ಸಿಗುತ್ತದೆ. ನೀವು ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು, ಬಳಕೆದಾರರು ಅದನ್ನು ಬದಲಾಯಿಸಿ, ಮರುದಿನ ಮತ್ತೊಮ್ಮೆ ಹಾಗೆಯೇ ಮಾಡಿದರೆ ಫೋನಿನಲ್ಲಿರುವ ಪಾಸ್‌ವರ್ಡ್ ಇತಿಹಾಸದಲ್ಲಿ ಹಿಂದೆ ಹಿಂದೆ ಸರಿದು ಆ ವಿನಾಯಿತಿಯ ಹೊರಗೆ ಬೀಳುತ್ತದೆ. ಮೊದಲು ಬರೀ ಕಿರಿಕಿರಿಯಾಗಿದ್ದದ್ದು ಆಗ ಲಾಕ್ ಆಗತೊಡಗುತ್ತದೆ. ಲಾಕ್ ಆಗಿದ್ದರೆ ಅನ್‌ಲಾಕ್ ಮಾತ್ರ ಮಾಡಿ, ಮೂಲವನ್ನು ಹುಡುಕಿ.

'ಮುಂದಿನ ಲಾಗಿನ್‌ನಲ್ಲಿ ಬದಲಾಯಿಸಲೇಬೇಕು' ಎಂದು ಗುರುತು ಹಾಕಿ ರೀಸೆಟ್ ಮಾಡಿದೆವು. ದೂರದಲ್ಲಿರುವ ಉದ್ಯೋಗಿ ಎಲ್ಲಿಂದಲೂ ಒಳಗೆ ಬರಲಾಗುತ್ತಿಲ್ಲ.

ಆ ಗುರುತಿರುವವರೆಗೆ ಖಾತೆಯ ಪಾಸ್‌ವರ್ಡ್ ಅವಧಿ ಮೀರಿದಂತೆಯೇ. ಅನೇಕ ವಿಪಿಎನ್‌ಗಳು ಅಂಥ ಖಾತೆಯನ್ನು ಬಿಡುವುದಿಲ್ಲ. ನೆಟ್‌ವರ್ಕ್ ಮಟ್ಟದ ದೃಢೀಕರಣ ಕಡ್ಡಾಯವಾಗಿರುವ ರಿಮೋಟ್ ಡೆಸ್ಕ್‌ಟಾಪ್ ಕೂಡ ಬದಲಾಯಿಸುವ ಪರದೆ ತೋರಿಸುವ ಮೊದಲೇ ಹಿಂದಿರುಗಿಸುತ್ತದೆ. ಬದಲಾಯಿಸಲು ಒಳಗೆ ಬರಬೇಕು, ಒಳಗೆ ಬರಲು ಬದಲಾಯಿಸಿರಬೇಕು ಎಂಬ ಸುಳಿಗೆ ಅವರು ಸಿಕ್ಕಿಕೊಂಡಿದ್ದಾರೆ. ದೂರದವರಿಗೆ ಆ ಗುರುತು ತೆಗೆದು, ಊಹಿಸಲಾಗದ ಉದ್ದನೆಯ ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟು, ವಿಪಿಎನ್ ಸೇರಿದ ಕೂಡಲೇ ಅವರ ಜೊತೆ ಫೋನಿನಲ್ಲಿದ್ದುಕೊಂಡೇ ಬದಲಾಯಿಸಲು ಹೇಳಿ. ಆದರೆ ಕನಿಷ್ಠ ಅವಧಿಯ ನಿಯಮವಿರುವ ಕಡೆ ಹೀಗೆ ಕೂಡಲೇ ಬದಲಾಯಿಸಲಾಗದು, ಆ ಅವಧಿ ಕಳೆಯುವವರೆಗೆ ಕಾಯಬೇಕು, ಏಕೆಂದರೆ ಗುರುತು ಇಲ್ಲದ ರೀಸೆಟ್‌ನ ಬಳಿಕ ಆ 1 ದಿನದ ಲೆಕ್ಕ ಶುರುವಾಗಿಬಿಡುತ್ತದೆ. ಕ್ಲೌಡ್ ಮೂಲಕ ಬಳಕೆದಾರರು ತಾವೇ ರೀಸೆಟ್ ಮಾಡಿಕೊಳ್ಳುವ ವ್ಯವಸ್ಥೆಯನ್ನು, ಅಲ್ಲಿ ಬದಲಾದ ಪಾಸ್‌ವರ್ಡನ್ನು ಕಚೇರಿಯ ಡೊಮೇನಿಗೂ ಬರೆಯುವ ಹಿಂಬರಹದ (ರೈಟ್‌ಬ್ಯಾಕ್) ಸೌಲಭ್ಯ ಸಮೇತ, ಮೊದಲೇ ಹೊಂದಿಸಿಟ್ಟರೆ ಈ ಸಂಕಟವೇ ಬರುವುದಿಲ್ಲ.

ಒಂದೇ ಕಂಪ್ಯೂಟರಿನಲ್ಲಿ ಮಾತ್ರ ಹೊಸ ಪಾಸ್‌ವರ್ಡ್ ನಡೆಯುವುದಿಲ್ಲ. ಪಕ್ಕದ ಮೇಜಿನಲ್ಲಿ ನಡೆಯುತ್ತದೆ.

ಗಡಿಯಾರ ನೋಡಿ. ಕಂಪ್ಯೂಟರಿನ ಸಮಯಕ್ಕೂ ಡೊಮೇನ್ ಕಂಟ್ರೋಲರಿನ ಸಮಯಕ್ಕೂ 5 ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕರ್ಬೆರೋಸ್ ಕೈಕೊಡಬಹುದು. ಹಳೆಯ ಡೆಸ್ಕ್‌ಟಾಪುಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ದಿನಾಂಕ ವರ್ಷಗಟ್ಟಲೆ ಹಿಂದಕ್ಕೆ ಹೋಗಿ ಕುಳಿತಿರುತ್ತದೆ. ಆ ಸೆಲ್ ಬದಲಿಸುವುದೇ ಪರಿಹಾರ. ಗಡಿಯಾರ ಸರಿಯಿದ್ದು, ಡೊಮೇನಿನೊಂದಿಗಿನ ವಿಶ್ವಾಸ ಸಂಬಂಧ ಮುರಿದಿದೆ ಎಂಬ ಸಂದೇಶ ಬರುತ್ತಿದ್ದರೆ ತಪ್ಪು ಬಳಕೆದಾರರದ್ದಲ್ಲವೇ ಅಲ್ಲ. ಕಂಪ್ಯೂಟರಿಗೂ ಡೊಮೇನಿನಲ್ಲಿ ತನ್ನದೇ ಪಾಸ್‌ವರ್ಡ್ ಇದ್ದು, ಅದನ್ನು ಅದು 30 ದಿನಕ್ಕೊಮ್ಮೆ ತಾನೇ ಬದಲಾಯಿಸಿಕೊಳ್ಳುತ್ತದೆ. ಹಳೆಯ ಬ್ಯಾಕಪ್ ಇಮೇಜ್ ಮರುಸ್ಥಾಪಿಸಿದಾಗ ಎರಡೂ ಕಡೆಯ ಪಾಸ್‌ವರ್ಡ್ ತಾಳೆಯಾಗುವುದಿಲ್ಲ. ಪವರ್‌ಶೆಲ್‌ನ ಟೆಸ್ಟ್ ಕಂಪ್ಯೂಟರ್ ಸೆಕ್ಯೂರ್ ಚಾನೆಲ್ ಆಜ್ಞೆಯನ್ನು ರಿಪೇರ್ ಆಯ್ಕೆಯೊಂದಿಗೆ ನಡೆಸಿದರೆ, ಡೊಮೇನಿನಿಂದ ತೆಗೆದು ಮತ್ತೆ ಸೇರಿಸುವ ಶ್ರಮ ಬಹಳ ಸಲ ತಪ್ಪುತ್ತದೆ.

ಡೊಮೇನ್ ಇಲ್ಲದ ಸಣ್ಣ ಕಚೇರಿ. ಸ್ಥಳೀಯ ಖಾತೆಯ ಪಾಸ್‌ವರ್ಡನ್ನು ಅಡ್ಮಿನ್ ಆಗಿ ರೀಸೆಟ್ ಮಾಡಿದರೆ ಏನಾದರೂ ಹಾನಿಯಿದೆಯೇ?

ಇದೆ, ಮತ್ತು ಅದು ಹಿಂದಕ್ಕೆ ಪಡೆಯಲಾಗದ ಹಾನಿಯೂ ಆಗಬಹುದು. ಬಳಕೆದಾರರು ಹಳೆಯ ಪಾಸ್‌ವರ್ಡ್ ಕೊಟ್ಟು ತಾವೇ ಬದಲಾಯಿಸಿದಾಗ ಅದರಿಂದ ರಕ್ಷಿತವಾದ ಗುಪ್ತ ಕೀಲಿಗಳನ್ನು ವಿಂಡೋಸ್ ಹೊಸದಕ್ಕೆ ವರ್ಗಾಯಿಸುತ್ತದೆ. ಅಡ್ಮಿನ್ ಹೊರಗಿನಿಂದ ರೀಸೆಟ್ ಮಾಡಿದಾಗ ಆ ವರ್ಗಾವಣೆ ನಡೆಯುವುದಿಲ್ಲ. ವಿಂಡೋಸಿನ ಇಎಫ್‌ಎಸ್ ಸೌಲಭ್ಯದಿಂದ ಗೂಢಲಿಪಿಗೊಳಿಸಿದ ಕಡತಗಳು, ಖಾಸಗಿ ಪ್ರಮಾಣಪತ್ರಗಳು, ಉಳಿಸಿಟ್ಟ ಪಾಸ್‌ವರ್ಡುಗಳು ಕೈತಪ್ಪಬಹುದು. ವಿಂಡೋಸ್ ಇದನ್ನು ಎಚ್ಚರಿಸುತ್ತದೆ, ಆ ಎಚ್ಚರಿಕೆಯನ್ನು ಓದದೆ ಸರಿ ಎಂದು ಒತ್ತಬೇಡಿ. ಡೊಮೇನ್ ಖಾತೆಗಳಿಗೆ ಡೊಮೇನ್ ಕಂಟ್ರೋಲರಿನಲ್ಲಿ ಮರುಪಡೆಯುವ ಕೀಲಿ ಇರುವುದರಿಂದ ಈ ಅಪಾಯ ಅಷ್ಟಿಲ್ಲ.

ಇಷ್ಟೆಲ್ಲ ತೊಂದರೆ ಇರುವಾಗ ಎರಡು ತಿಂಗಳಿಗೊಮ್ಮೆ ಬದಲಾಯಿಸಿ ಎನ್ನುವುದು ಏಕೆ? ಇದನ್ನು ನಿಲ್ಲಿಸಲಾಗದೇ?

ನಿಲ್ಲಿಸಬಹುದು, ನಿಲ್ಲಿಸುವುದೇ ಒಳ್ಳೆಯದೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2004ರಲ್ಲಿ ಹೊರಡಿಸಿದ ಪಾಸ್‌ವರ್ಡ್ ಮಾರ್ಗಸೂಚಿಯನ್ನು ಬರೆದ ಬಿಲ್ ಬರ್, ಅದರಲ್ಲಿ ಕೊಟ್ಟಿದ್ದ ಸಲಹೆಗಳಲ್ಲಿ ಬಹುಪಾಲಿನ ಬಗ್ಗೆ ತಮಗೆ ವಿಷಾದವಿದೆ ಎಂದು 2017ರಲ್ಲಿ ಹೇಳಿದರು. ಅದೇ ವರ್ಷ ನಿಸ್ಟ್, ಕಳವಾದ ಸುಳಿವಿಲ್ಲದೆ ಅವಧಿಗೊಮ್ಮೆ ಬದಲಾಯಿಸಲು ಒತ್ತಾಯಿಸುವುದು ಬೇಡವೆಂದಿತು. 2025ರ ಪರಿಷ್ಕರಣೆಯಲ್ಲಿ ಹಾಗೆ ಒತ್ತಾಯಿಸಲೇಬಾರದು ಎಂದು ಬಿಗಿಗೊಳಿಸಿ, ಪಾಸ್‌ವರ್ಡ್ ಒಂದರಿಂದಲೇ ಲಾಗಿನ್ ಆಗುವ ಕಡೆ ಕನಿಷ್ಠ 15 ಅಕ್ಷರ ಬೇಕೆಂದಿತು. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ತನ್ನ ಸುರಕ್ಷತಾ ಶಿಫಾರಸುಗಳಿಂದ ಅವಧಿಯ ನಿಯಮವನ್ನು ಕೈಬಿಟ್ಟಿದೆ. ಒತ್ತಾಯಕ್ಕೆ ಸಿಕ್ಕವರು ಪಾಸ್‌ವರ್ಡಿನ ಕೊನೆಯ ಅಂಕಿಯನ್ನು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಏರಿಸುತ್ತಾ ಹೋಗುತ್ತಾರೆ, ಅದನ್ನು ಊಹಿಸುವುದು ಕಳ್ಳರಿಗೆ ಕಷ್ಟವೇನಲ್ಲ.

ಆದರೆ ಅವಧಿಯನ್ನು ತೆಗೆದು ಅಷ್ಟಕ್ಕೇ ಕೈತೊಳೆದುಕೊಳ್ಳುವಂತಿಲ್ಲ. ಎರಡನೆಯ ಹಂತದ ದೃಢೀಕರಣ ಎಲ್ಲರಿಗೂ ಬರಬೇಕು, ಸೋರಿಕೆಯಾದ ಮತ್ತು ಸುಲಭವಾಗಿ ಊಹಿಸಬಹುದಾದ ಪಾಸ್‌ವರ್ಡುಗಳನ್ನು ಬದಲಾಯಿಸುವ ಹೊತ್ತಿನಲ್ಲೇ ತಡೆಯುವ ಪಟ್ಟಿ ಇರಬೇಕು, ಮತ್ತು ಅನುಮಾನ ಬಂದ ದಿನವೇ ಬದಲಾಯಿಸುವ ವ್ಯವಸ್ಥೆ ಇರಬೇಕು. ನಿಮ್ಮ ಕ್ಷೇತ್ರದ ನಿಯಂತ್ರಕರಾಗಲಿ ಗ್ರಾಹಕರ ಒಪ್ಪಂದವಾಗಲಿ ಅವಧಿಯನ್ನು ಕಡ್ಡಾಯಗೊಳಿಸಿದ್ದರೆ ಅದನ್ನು ಪಾಲಿಸಲೇಬೇಕು. ಆಗಲೂ ಎಲ್ಲರಿಗೂ ಒಂದೇ ನಿಯಮ ಬೇಕಿಲ್ಲ: ವಿಂಡೋಸ್ ಸರ್ವರ್ 2008ರಿಂದಲೇ ಒಂದೇ ಡೊಮೇನಿನೊಳಗೆ ಬೇರೆ ಬೇರೆ ಗುಂಪುಗಳಿಗೆ ಬೇರೆ ಬೇರೆ ಪಾಸ್‌ವರ್ಡ್ ನಿಯಮ ಇಡುವ ಸೌಲಭ್ಯವಿದೆ. ಕಡ್ಡಾಯವಿರುವ ಗುಂಪಿಗೆ ಮಾತ್ರ ಅವಧಿಯನ್ನು ಉಳಿಸಿ, ಉಳಿದವರಿಗೆ ಉದ್ದವನ್ನು ಹೆಚ್ಚಿಸಿ ಅವಧಿಯನ್ನು ತೆಗೆಯಬಹುದು. ಲೆಕ್ಕಪರಿಶೋಧಕರು ಕೇಳಿದಾಗ ಮುಂದಿಡಲು, ಹಾಗೆ ಮಾಡಿದ ಕಾರಣವನ್ನು ಬರಹದಲ್ಲಿ ದಾಖಲಿಸಿ ಮೇಲಧಿಕಾರಿಗಳ ಸಹಿ ಪಡೆದಿರಿ.